ಎರಡು ಲೋಟದ ಕಷಾಯ

ದೊಡ್ಡಾಸ್ಪತ್ರೆಯ ಕ್ಯಾಂಟೀನು ಮಲ್ಲಮ್ಮನದು. ಒಂದು ದಿನ ಹಿರಿಯ ಡಾಕ್ಟರ್ ವಿರೂಪಾಕ್ಷಯ್ಯ ಅವಳ ಮೇಲೆ ಹರಿಹಾಯ್ದರು. ಮಂಡಿನೋವಿನ ಹೊಸ ಮಾತ್ರೆಯ ಪ್ರಯೋಗ ಮುಂದಿನ ತಿಂಗಳು ಶುರುವಾಗಬೇಕಿತ್ತು. ಅದರಲ್ಲಿ ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಅದರಂತೆಯೇ ಕಾಣುವ ಮದ್ದಿಲ್ಲದ ಮಾತ್ರೆ; ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಅವರು ಮೈಕು ಹಿಡಿದು ಗಂಟಲು ಕಟ್ಟುವಷ್ಟು ವಿವರಿಸಿದರೂ ಒಬ್ಬ ರೋಗಿಯೂ ಮುಂದೆ ಬಂದಿರಲಿಲ್ಲ.

"ಜನ ನಿನ್ನ ಮಾತು ಕೇಳ್ತಾರೆ. ನಾಳೆ ಎಲ್ಲರನ್ನೂ ಒಪ್ಪಿಸು. ಇಲ್ಲದಿದ್ರೆ ಕ್ಯಾಂಟೀನು ಖಾಲಿ ಮಾಡು!"

"ಆಯ್ತು ಸಾರ್," ಎಂದ ಮಲ್ಲಮ್ಮ ಒಂದು ಹಿತ್ತಾಳೆ ಲೋಟ, ಒಂದು ಸ್ಟೀಲ್ ಲೋಟ ತಂದಿಟ್ಟಳು. "ನಿಮ್ಮ ಗಂಟಲಿಗೆ ಸಾರ್. ಒಂದರಲ್ಲಿ ಹೊಸ ಕಷಾಯ, ಇನ್ನೊಂದರಲ್ಲಿ ಬರೀ ಬೆಲ್ಲದ ನೀರು. ಬಣ್ಣ, ರುಚಿ ಒಂದೇ. ಯಾವುದು ಯಾವುದು ಅಂತ ನಂಗೂ ಗೊತ್ತಿಲ್ಲ, ಕಾಯಿಸಿದ ನಮ್ಮ ಯಜಮಾನ್ರಿಗೆ ಮಾತ್ರ ಗೊತ್ತು. ಒಂದನ್ನ ಕುಡೀರಿ."

ಡಾಕ್ಟರು ಕೈ ಹಿಂದಕ್ಕೆಳೆದುಕೊಂಡರು. "ಏನೇನು ಹಾಕಿದೀರಿ? ಮುಂಚೆ ಯಾರಾದ್ರೂ ಕುಡಿದಿದಾರಾ? ಹೊಟ್ಟೆ ಕೆಟ್ರೆ ಯಾರು ನೋಡ್ಕೋತಾರೆ? ಬೇಡ ಅನ್ನಿಸಿದ್ರೆ ಅರ್ಧಕ್ಕೇ ಬಿಡಬಹುದಾ?"

"ಜನರೂ ಇದನ್ನೇ ಕೇಳ್ತಿದಾರೆ ಸಾರ್. ನಿಮ್ಮನ್ನ ಕೇಳೋಕೆ ಹೆದರಿ ನನ್ನ ಕೇಳ್ತಾರೆ."

ಅವಳು ಒಂದೊಂದಕ್ಕೂ ಉತ್ತರ ಹೇಳಿದ ಮೇಲೆ ಡಾಕ್ಟರು ಸ್ಟೀಲ್ ಲೋಟ ಎತ್ತಿ ಕುಡಿದರು.

ಮರುದಿನ ಅವರು ಮೈಕು ಬಿಟ್ಟು, ರೋಗಿಗಳ ಜೊತೆ ಬೆಂಚಿನ ಮೇಲೆ ಕೂತು, ಅವೇ ಪ್ರಶ್ನೆಗಳಿಗೆ ಮನೆಮಾತಿನಲ್ಲಿ ಉತ್ತರ ಕೊಟ್ಟರು. "ಬೇಡ ಅನ್ನಿಸಿದಾಗ ಬಿಟ್ಟುಬಿಡಿ, ನಿಮ್ಮ ಚಿಕಿತ್ಸೆಯೇನೂ ನಿಲ್ಲೋಲ್ಲ" ಎಂದಾಗ ಹಲವರು ಕೈಯೆತ್ತಿದರು. ಉಳಿದವರು ಯೋಚಿಸಿ ಹೇಳುತ್ತೇವೆಂದರು.

ಸಂಜೆ ಡಾಕ್ಟರು ಕ್ಯಾಂಟೀನಿಗೆ ಬಂದು ಕೈಮುಗಿದರು. "ನಿಮ್ಮ ಉಪಕಾರ ಮರೆಯೋಲ್ಲ ಮಲ್ಲಮ್ಮಾ. ಆ ಕಷಾಯವಂತೂ ಅಮೃತ! ಗಂಟಲು ಎಷ್ಟು ಹಗುರಾಯ್ತು!"

ಒಳಗಿಂದ ಯಜಮಾನರು ಇಣುಕಿದರು. "ಸ್ಟೀಲ್ ಲೋಟದಲ್ಲಿದ್ದದ್ದು ಬೆಲ್ಲದ ನೀರು ಸಾರ್."

ಮಲ್ಲಮ್ಮ ನಕ್ಕಳು. "ಎರಡನೇ ಲೋಟ ಯಾಕೆ ಬೇಕು ಅಂತ ನಂಗೆ ಈಗ ಗೊತ್ತಾಯ್ತು ಸಾರ್."