ವಾರಕ್ಕೊಂದು ಬೆಲೆ ಹೇಳಿದ ನರಿ

ಒಂದು ಕಾಡಿನಲ್ಲಿ ಕರೆಂಟಿನಿಂದ ಓಡುವ ಕಾರುಗಳು ಬಂದ ಹೊಸತು. ಹೊಳೆಯ ಈಚೆ ದಡದಲ್ಲಿ ನರಿಯ ಅಂಗಡಿ, ಆಚೆ ದಡದಲ್ಲಿ ಮುಳ್ಳುಹಂದಿಯ ಅಂಗಡಿ. ಎರಡೂ ಕಡೆ ಕಾರಿಗೆ ಎಂಟು ಗಡಿಗೆ ಜೇನು. ವ್ಯಾಪಾರ ಇಬ್ಬರಿಗೂ ಚೆನ್ನಾಗಿಯೇ ನಡೆದಿತ್ತು. ಆದರೆ ಇನ್ನೊಬ್ಬರಿಗೂ ಚೆನ್ನಾಗಿ ನಡೆಯುತ್ತಿದೆ ಎಂದರೆ ನರಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ.

"ನಾನು ಬೆಲೆ ಇಳಿಸಿದರೆ ಮುಳ್ಳುಹಂದಿ ಬಾಗಿಲು ಹಾಕಿಕೊಂಡು ಹೋಗುತ್ತೆ. ಆಮೇಲೆ ಹದಿನೈದು ಗಡಿಗೆ ಅಂದರೂ ಕೇಳೋರು ಯಾರು?" ಎಂದು ನರಿ ಮನಸ್ಸಿನಲ್ಲೇ ಮಂಡಿಗೆ ತಿಂದಿತು.

ಬ್ಯಾಟರಿ, ಕಾರು ಮಾಡುವ ಮಂಗಗಳ ಕೂಲಿ ಎಲ್ಲ ಸೇರಿ ಒಂದು ಕಾರಿಗೆ ಏಳು ಗಡಿಗೆ ಖರ್ಚು. ಅದಕ್ಕಿಂತ ಕಡಿಮೆಗೆ ಮಾರಿದರೆ ನಷ್ಟ. ನರಿ ಆ ನಷ್ಟ ತುಂಬಲು, ಮಳೆಗಾಲದ ಊಟಕ್ಕೆಂದು ಗವಿಯಲ್ಲಿ ಕೂಡಿಟ್ಟಿದ್ದ ಜೇನಿಗೇ ಕೈ ಹಾಕಿತು. ಅದು ಮುಗಿದರೆ ಮಳೆಗಾಲವೆಲ್ಲ ಉಪವಾಸವೇ ಗತಿ.

ಮೊದಲ ವಾರ ಬೆಲೆ ಏಳಕ್ಕಿಳಿಯಿತು. ಜನವೋ ಜನ. ಮರುವಾರ ಆರು. ಜನ ತೆಳುವಾಯಿತು. ಅದರ ಮರುವಾರ ಐದು. ನರಿ ನೊಣ ಹೊಡೆಯುತ್ತಾ ಕೂತಿತು. ದಾರಿಯಲ್ಲಿ ಜಿಂಕೆ ಹೋಗುತ್ತಿತ್ತು.

"ಜಿಂಕೆಯಕ್ಕ, ಒಂದು ಕಾರು ತಗೊಳ್ಳಿ. ಐದೇ ಗಡಿಗೆ."

"ಏನವಸರ ಅಣ್ಣ? ಮುಂದಿನ ವಾರ ನಾಲ್ಕಾಗುತ್ತಲ್ಲ."

"ಇಲ್ಲಕ್ಕ, ಇದೇ ಕೊನೇ ಬೆಲೆ."

"ಹೋದ ವಾರವೂ ಕೊನೇದು ಅಂದಿದ್ರಿ," ಎಂದು ಜಿಂಕೆ ನಡೆದೇ ಬಿಟ್ಟಿತು.

ಅಷ್ಟರಲ್ಲಿ ಕರಡಿ ಆಚೆ ದಡದಿಂದ ಹೊಸ ಕಾರು ಓಡಿಸಿಕೊಂಡು ಬಂತು. ನರಿ ಓಡಿಹೋಗಿ ಅಡ್ಡ ನಿಂತಿತು.

"ಕರಡಿ ಮಾವ, ಇಲ್ಲಿ ಐದಕ್ಕೆ ಸಿಗುವಾಗ ಅಲ್ಲಿ ಎಂಟು ಯಾಕೆ ಕೊಟ್ರಿ?"

"ಮಗಳ ಮದುವೆ ಬಂತಪ್ಪ, ಕಾರು ಈಗಲೇ ಬೇಕು. ವಾರಕ್ಕೊಂದು ಬೆಲೆ ಹೇಳೋ ನಿನ್ನ ಕಾರು ಎಷ್ಟು ದಿನ ಓಡುತ್ತೋ ಅಂತ ಅನುಮಾನ, ಮೇಲೆ ನಾಳೆ ಬೆಲೆ ಇಳಿದರೆ ಹೊಟ್ಟೆ ಉರಿಯುತ್ತೆ. ಯುಗಾದಿಗೆ ಅಗ್ಗದ ಬ್ಯಾಟರಿ ಬರುತ್ತಂತೆ. ಆಗ ಬೆಲೆ ಎಷ್ಟು ಇಳಿಯುತ್ತೋ ಅಷ್ಟು ಜೇನು ಹಳೇ ಗಿರಾಕಿಗಳಿಗೆ ವಾಪಸ್ ಅಂತ ಮುಳ್ಳುಹಂದಿ ಮಾತು ಕೊಟ್ಟಿದೆ."

"ಓ, ಇಷ್ಟೇನಾ," ಎಂದುಕೊಂಡಿತು ನರಿ. ಬರೀ ಮಾತು ತಾನೇ, ಮಾತಿಗೇನು ಖರ್ಚು? ಅಂದೇ ಕಾಡೆಲ್ಲ ಡಂಗುರ ಹೊಡೆಸಿತು: "ನಮ್ಮಲ್ಲೂ ಅಷ್ಟೇ. ಬೆಲೆ ಇಳಿದರೆ ಇಳಿದಷ್ಟು ವಾಪಸ್."

ಬೆಳಗಾಗುವಷ್ಟರಲ್ಲಿ ಅಂಗಡಿಯಿಂದ ಹೊಳೆಯವರೆಗೂ ಸಾಲು. ನರಿ ಹಿರಿಹಿರಿ ಹಿಗ್ಗಿತು. ಎಲ್ಲರ ಕೈಯಲ್ಲೂ ಖಾಲಿ ಗಡಿಗೆಗಳಿದ್ದವು, ಅದು ಮಾತ್ರ ಅದರ ಕಣ್ಣಿಗೆ ಬೀಳಲಿಲ್ಲ.

"ಯಾವ ಬಣ್ಣದ ಕಾರು ಕೊಡಲಿ ಮೊಲಣ್ಣ?"

"ಕಾರಿದೆಯಪ್ಪ, ನಿನ್ನ ಹತ್ರಾನೇ ಎಂಟಕ್ಕೆ ಕೊಂಡಿದ್ದೆ. ಈಗ ಐದಾಗಿದೆ. ಮೂರು ಗಡಿಗೆ ವಾಪಸ್ ಕೊಡು."

ನರಿ ಕತ್ತೆತ್ತಿ ಸಾಲು ನೋಡಿತು. ಮೊಲದ ಹಿಂದೆ ಏಳಕ್ಕೆ ಕೊಂಡ ಮುಂಗುಸಿ ಇತ್ತು. ಅದರ ಹಿಂದೆ ಆರಕ್ಕೆ ಕೊಂಡ ಕಾಡುಕೋಣ. ಮೊಲದ ಮುಂದೆ ಮಾತು ತಿರುಗಿಸಬಹುದಿತ್ತು, ಕಾಡುಕೋಣದ ಮುಂದೆ ಆ ಧೈರ್ಯ ಬರಲಿಲ್ಲ. ನರಿ ಗವಿಯಿಂದ ಜೇನು ಹೊತ್ತು ತಂದು ಅಳೆದು ಕೊಟ್ಟಿತು. ಸಂಜೆಯ ಹೊತ್ತಿಗೆ ಗವಿ ಬರಿದಾಯಿತು.

ಯುಗಾದಿ ಬಂತು. ಮುಳ್ಳುಹಂದಿ ಬೆಲೆಯನ್ನು ಆರಕ್ಕಿಳಿಸಿ, ಹಳೇ ಗಿರಾಕಿಗಳ ಮನೆಗೆ ತಾನೇ ಹೋಗಿ ಎರಡೆರಡು ಗಡಿಗೆ ಜೇನು ಕೊಟ್ಟುಬಂತು. ಆಮೇಲೆ ಮಳೆಯೂ ಬಂತು. ಹಸಿವು ತಾಳಲಾರದೆ ನರಿ ನಾಚಿಕೆ ಬಿಟ್ಟು ಹೊಳೆ ದಾಟಿತು.

"ಚಕ್ರ ಬಿಗಿಯೋ ಕೆಲಸ ಇದೆ," ಎಂದಿತು ಮುಳ್ಳುಹಂದಿ. "ದಿನಕ್ಕೆ ಒಂದು ಬಟ್ಟಲು ಜೇನು."

"ಎರಡು ಮಾಡಕ್ಕ."

"ಇಲ್ಲಿ ಚೌಕಾಸಿ ಇಲ್ಲಪ್ಪ."

ನರಿ ತೆಪ್ಪಗೆ ಸ್ಪ್ಯಾನರ್ ಕೈಗೆತ್ತಿಕೊಂಡಿತು.

ನೀತಿ: ಇನ್ನೊಬ್ಬರ ಅಂಗಡಿ ಮುಚ್ಚಿಸಲೆಂದೇ ಬೆಲೆ ಇಳಿಸುವವನು ಗಿರಾಕಿಗಳ ನಂಬಿಕೆ ಕಳೆದುಕೊಳ್ಳುತ್ತಾನೆ, ನಂಬಿಕೆ ಹೋದ ಮೇಲೆ ಯಾವ ಬೆಲೆಗೂ ವ್ಯಾಪಾರವಿಲ್ಲ.