ಕುಂಬಾರಗಿತ್ತಿಯ ಒಡಕು ಗಡಿಗೆಗಳು

"ಗುರುಗಳೇ, ಜೊತೆಯವನೊಬ್ಬನನ್ನು ಎಲ್ಲರೆದುರು ಹಳಿದುಬಿಟ್ಟೆ. ಅಂದಿನಿಂದ ಅವನು ನನ್ನೊಡನೆ ಮಾತಾಡಿಲ್ಲ. ಒಳಗೊಳಗೇ ಹಗೆ ಸಾಧಿಸುತ್ತಿದ್ದಾನೆ. ಅವನನ್ನು ಮಠದಿಂದ ಕಳುಹಿಸಿಬಿಡಬಾರದೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಮಡಕೆ ಸುಡುವ ಆವಿಗೆಯಲ್ಲಿ ಬಿರುಕುಬಿಟ್ಟ ಗಡಿಗೆಗಳನ್ನು ಅವಳು ಎಸೆಯುತ್ತಿರಲಿಲ್ಲ. ಪೆಟ್ಟು ತಿಂದ ಹಾವು, ಕಾಲು ಮುರಿದ ಉಡ, ಯಾವುದು ಸಿಕ್ಕಿದರೂ ತಂದು ಅವುಗಳಲ್ಲಿ ಇಟ್ಟು, ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ಬಿರುಕಿನಿಂದ ಗಾಳಿಯಾಡುತ್ತಿತ್ತು. ಗಾಯಕ್ಕೆ ಅರಿಸಿನ ಹಚ್ಚಿ, ಮಾಯ್ದ ಮೇಲೆ ಕಾಡಿಗೆ ಬಿಟ್ಟುಬರುತ್ತಿದ್ದಳು. ಈ ವಿದ್ಯೆಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಒಮ್ಮೆ ಹಾವಿನಿಂದ ಕಚ್ಚಿಸಿಕೊಂಡು ಎಡಗೈಯ ಎರಡು ಬೆರಳು ಸೆಟೆದುಹೋಗಿದ್ದವು. ಉಳಿದ ಎಂಟರಲ್ಲೇ ಮಡಕೆ ಮಾಡುವ ತಿಗರಿಯನ್ನೂ ತಿರುಗಿಸಿದಳು, ಹಾವುಗಳನ್ನೂ ನೋಡಿಕೊಂಡಳು.

"ಅವಳ ಗಡಿಗೆಯನ್ನು ಬಡಿದು ನೋಡಬೇಡಿ, ಒಳಗಿನವರು ಎದ್ದಾರು" ಎಂದು ಊರು ನಗುತ್ತಿತ್ತು. ಮನೆಗೆ ಹಾವು ಹೊಕ್ಕರೆ ಅದೇ ಊರು ಅವಳ ಬಾಗಿಲಿಗೆ ಓಡಿಬರುತ್ತಿತ್ತು.

ಒಂದು ದಿನ ಎಣ್ಣೆ ವ್ಯಾಪಾರಿಯೊಬ್ಬ ದೊಣ್ಣೆ ಹಿಡಿದು ಬಂದ. ಅವನು ಹೊಡೆದ ನಾಗರಹಾವೊಂದು ತಪ್ಪಿಸಿಕೊಂಡು ಬೇಲಿಯಲ್ಲಿ ಬಿದ್ದಿತ್ತು. ಅದನ್ನು ಅವಳು ಎತ್ತಿ ತಂದಿದ್ದಳು.

"ತಾಯೀ, ಅರೆಪೆಟ್ಟು ತಿಂದ ನಾಗರ ಹನ್ನೆರಡು ವರ್ಷ ಹಗೆ ಮರೆಯುವುದಿಲ್ಲ. ಮಕ್ಕಳೊಂದಿಗನು ನಾನು. ಅದನ್ನು ಕೊಟ್ಟುಬಿಡು, ಮುಗಿಸಿಬಿಡುತ್ತೇನೆ" ಎಂದ.

ಅವಳಿಗೆ ಸಿಟ್ಟು ಬಂತು. ಮಕ್ಕಳ ಮಾತು ಕೇಳಿ ನುಂಗಿಕೊಂಡಳು.

"ಈ ನಾಲ್ಕು ಗಡಿಗೆಯಲ್ಲೂ ನಾಗರವೇ ಇದೆ ಸೆಟ್ಟರೇ. ಬಿರುಕಿನಲ್ಲಿ ಇಣುಕಿ ನೋಡಿ. ನೀವು ಹೊಡೆದದ್ದು ಯಾವುದೆಂದು ತೋರಿಸಿ, ಒಯ್ಯಿರಿ."

ಅವನು ನಾಲ್ಕನ್ನೂ ನೋಡಿದ. ಮತ್ತೊಮ್ಮೆ ನೋಡಿದ. ತಿಳಿಯಲಿಲ್ಲ.

"ನಿನ್ನ ಬೆರಳು ಕಚ್ಚಿತಲ್ಲ, ಆ ಹಾವಿನ ಗುರುತು ನಿನಗಾದರೂ ಇದೆಯೇ?" ಎಂದು ರೇಗಿದ.

"ಇಲ್ಲದೆ ಏನು? ಅದರ ಹೆಡೆಯ ಕೆಳಗೆ ಗೇಣುದ್ದ ಗಾಯವಿತ್ತು. ಮಾಯಲು ತಿಂಗಳು ಹಿಡಿಯಿತು. ನಿಮ್ಮದು ಮೂರನೆಯದರಲ್ಲಿದೆ. ನಡು ಬಾತಿದೆ. ನಿಮ್ಮ ಮನೆ ಹುಡುಕುವುದಿರಲಿ, ಹೊರಳಲೂ ಅದಕ್ಕೆ ಆಗುತ್ತಿಲ್ಲ."

ವ್ಯಾಪಾರಿ ಮೂರನೆಯ ಗಡಿಗೆಯ ಮುಂದೆ ಬಹಳ ಹೊತ್ತು ಬಗ್ಗಿದ್ದ. ಆಮೇಲೆ ದೊಣ್ಣೆಯನ್ನು ಗೋಡೆಗೆ ಒರಗಿಸಿ, ಅರಿಸಿನ ಅರೆಯುವ ಕಲ್ಲನ್ನು ತನ್ನ ಕಡೆಗೆ ಎಳೆದುಕೊಂಡ.

ಇಷ್ಟು ಹೇಳಿ ಗುರುಗಳು ಶಿಷ್ಯನ ಕಡೆ ತಿರುಗಿದರು.

"ನಿನ್ನ ಜೊತೆಯವನಿಗೆ ಗಾಯ ಎಲ್ಲಾಗಿದೆ, ನೋಡಿದ್ದೀಯಾ?"