ನೀಲವ್ವನ ಶ್ವಾಸಕೋಶ ಮತ್ತು ಉಸಿರಿನ ಯಂತ್ರ

ಖಾನಾವಳಿಯ ಸೌದೆ ಒಲೆಯ ಮುಂದೆ ನಲವತ್ತು ವರ್ಷ ಹೊಗೆ ಕುಡಿದ ನೀಲವ್ವನ ಶ್ವಾಸಕೋಶ ಸೋತು ಆಸ್ಪತ್ರೆ ಸೇರಿದಾಗ, ಅದಕ್ಕೆ ಉಸಿರು ತುಂಬುವ ಕೆಲಸ ಒಂದು ಯಂತ್ರದ ಪಾಲಿಗೆ ಬಂತು. ಯಂತ್ರಕ್ಕೆ ಅದರ ಮೇಲೆ ಎಲ್ಲಿಲ್ಲದ ಅಕ್ಕರೆ. ಹತ್ತು ದಿನ ಒಂದೇ ಒಂದು ಉಸಿರನ್ನೂ ಶ್ವಾಸಕೋಶ ತಾನಾಗಿ ಎಳೆದುಕೊಳ್ಳಲು ಬಿಡಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಡಾಕ್ಟರು ಬಂದು, "ಇವತ್ತು ಅರ್ಧ ಗಂಟೆ ಅಜ್ಜಿಯೇ ಉಸಿರಾಡಲಿ" ಎಂದರು.

ಯಂತ್ರಕ್ಕೆ ಜೀವ ಹಾರಿದಂತಾಯಿತು. "ನಾನು ಕೈಬಿಟ್ಟರೆ ನಿನ್ನ ಗತಿಯೇನು?" ಎಂದು ಶ್ವಾಸಕೋಶವನ್ನು ಕೇಳಿತು.

"ತಮ್ಮಾ, ನೀನು ಒಲೆ ಊದಿದವನಲ್ಲ," ಎಂದಿತು ಶ್ವಾಸಕೋಶ. " ಕೆಂಡ ಕಣ್ಣು ಬಿಡುವ ತನಕ ಊದಬೇಕು. ಉರಿ ಹತ್ತಿದ ಮೇಲೆ ಊದುಗೊಳವೆಯನ್ನು ಪಕ್ಕಕ್ಕಿಡಬೇಕು. ಆಮೇಲೂ ಊದುತ್ತಿದ್ದರೆ ಬೂದಿ ಹಾರಿ ರೊಟ್ಟಿಯ ಮೇಲೆ ಕೂರುತ್ತದೆ."

"ಉರಿ ಆರಿದರೆ?"

"ಮತ್ತೆ ಊದು. ಕೊಳವೆಯನ್ನೇ ಒಲೆಗೆ ಹಾಕು ಎಂದೆನೇನು?"

ಅವತ್ತು ಶ್ವಾಸಕೋಶ ಹತ್ತೇ ನಿಮಿಷಕ್ಕೆ ದಣಿಯಿತು. ಯಂತ್ರ ಮತ್ತೆ ಊದಿತು. ಮರುದಿನ ಅರ್ಧ ಗಂಟೆ, ಅದರ ಮರುದಿನ ಎರಡು ಗಂಟೆ. ಐದನೆಯ ದಿನ ಡಾಕ್ಟರು ನೀಲವ್ವನ ಗಂಟಲಿನ ನಳಿಗೆ ತೆಗೆದು, ಯಂತ್ರವನ್ನು ಮೂಲೆಗೆ ಸರಿಸಿದರು.

ಆಗಲೇ ನೀಲವ್ವನಿಗೆ ಕೆಮ್ಮು ಒತ್ತರಿಸಿ ಬಂತು.

"ಬರಲೇನು?" ಎಂದಿತು ಯಂತ್ರ.

"ಕೂತಿರು ತಮ್ಮಾ," ಎಂದಿತು ಶ್ವಾಸಕೋಶ, ಏದುಸಿರಿನ ನಡುವೆ. "ಈ ಕೆಮ್ಮು ನನ್ನದು."

ಯಂತ್ರ ಕೂತಿತು. ಹತ್ತು ದಿನ ಊದಿದ್ದಕ್ಕಿಂತ ಆ ಒಂದು ಗಳಿಗೆ ಸುಮ್ಮನೆ ಕೂತದ್ದೇ ಅದಕ್ಕೆ ಹೆಚ್ಚು ದಣಿವು ತಂದಿತು.